ಅಣ್ಣನ ಟ್ರ್ಯಾಕ್

ಗುಬ್ಬಿಗೆ ಗಂಡ ಹೊಡೆದ ವಿಷಯ ಬೀದಿಗೆಲ್ಲ ಗೊತ್ತಿತ್ತು. ಹೊಡೆಸಿಕೊಂಡ ಮೇಲೆ ಅವಳು ಅವನ ಪಕ್ಕದಲ್ಲೇ ಕೂತು ಊಟ ಮಾಡಿದ ವಿಷಯ ಮಾತ್ರ ಅವಳ ತಾಯಿಯೊಬ್ಬಳಿಗೇ ಗೊತ್ತಿತ್ತು. ತವರಿಗೆ ಬಂದ ಹೊಸತರಲ್ಲಿ ಒಂದು ದಿನ ತರಕಾರಿ ಹೆಚ್ಚುತ್ತ, ತಲೆ ಎತ್ತದೆ, ಅವಳೇ ಹೇಳಿಕೊಂಡಿದ್ದಳು. "ಹಸಿವಾಗಿತ್ತಮ್ಮಾ. ಕೆನ್ನೆನೂ ಉರೀತಿತ್ತು, ಹೊಟ್ಟೆನೂ ಉರೀತಿತ್ತು. ಅವರಿಗೆ ಬಡಿಸಿದೆ, ನಾನೂ ಬಡಿಸ್ಕೊಂಡು ತಿಂದೆ. ಆಮೇಲೆ ಬಟ್ಟೆ ತುಂಬ್ಕೊಂಡು ಹೊರಟುಬಂದೆ." ಇದಾಗಿ ಎರಡು ತಿಂಗಳಿಗೆ, ಸಂಜೆ ಏಳೂವರೆಗೆ, ಅದು ಟೀವಿಯಲ್ಲಿ ಬಂತು.

ಆ ಧಾರಾವಾಹಿ ಬರೆಯುವವನು ಅವಳ ಅಣ್ಣ. ಬೀದಿಯವರು ಅವನನ್ನು 'ರೈಟ್ರು' ಅನ್ನುತ್ತಿದ್ದರು. ಅವನೂ ಆ ಮರ್ಯಾದೆಗೆ ತಕ್ಕ ಹಾಗೆ ನಿಧಾನವಾಗಿ ನಡೆಯುತ್ತಿದ್ದ. ಏಳೂವರೆಗೆ ಮನೆಮಂದಿಯೆಲ್ಲ ಟೀವಿ ಮುಂದೆ ಹಾಜರಿರಬೇಕೆಂಬುದು ಅವನ ಕಟ್ಟಾಜ್ಞೆ. ಗಡಿಯಾರ ರಿಪೇರಿ ಬಿಟ್ಟು ಮನೆಯಲ್ಲಿ ಕೂತಿದ್ದ ತಂದೆಗೆ ಕಿವಿ ಮಂದ. ಅವರಿಗಾಗಿ ಟೀವಿಯ ದನಿ ಎಷ್ಟು ಏರಿಸುತ್ತಿದ್ದರೆಂದರೆ ಪಕ್ಕದ ಮನೆಯವರು ತಮ್ಮ ಟೀವಿ ಹಾಕದೆಯೇ ಧಾರಾವಾಹಿ ಕೇಳಿ ಮುಗಿಸುತ್ತಿದ್ದರು.

ಅವತ್ತು ಟೀವಿಯ ನಾಯಕಿಗೆ ಗಂಡ ಹೊಡೆದ. ಅವಳು ಎದ್ದಳು, ಬಡಿಸಿದಳು, ಅವನ ಪಕ್ಕದಲ್ಲಿ ಕೂತು ಅನ್ನ ಕಲಸಿದಳು. ಕ್ಯಾಮೆರಾ ಅವಳ ಬೆರಳುಗಳನ್ನೇ ನೋಡುತ್ತಿತ್ತು. ತುತ್ತು ಬಾಯಿಗಿಡುವ ಮುಂಚೆ ಅವಳು ಕಣ್ಣು ತುಂಬಿಕೊಂಡು, "ನಿಮ್ಮ ಕೈಯಿಂದ ಬಿದ್ದ ಏಟೂ ನನಗೆ ತುತ್ತೇ ಅಲ್ವೇನ್ರೀ?" ಎಂದಳು.

"ಏನಂದ್ಲು?" ತಂದೆ ಕೇಳಿದರು.

"ಏಟೂ ತುತ್ತೇ ಅಂತೆ!" ತಾಯಿ ಕೂಗಿ ಹೇಳಿದಳು.

ಗುಬ್ಬಿ ತಟ್ಟೆಯನ್ನು ನೆಲಕ್ಕೆ ಕುಕ್ಕಿದಳು. "ಅಮ್ಮಾ, ಇದನ್ನ ಇವನಿಗೆ ಯಾರು ಹೇಳಿದ್ದು?"

"ನಾನೇ ಹೇಳ್ದೆ. ಏನೀಗ? ಸೀನ್ ಹೊಳೀತಿಲ್ಲ ಅಂತ ಅವನು ಊಟ ಬಿಟ್ಟು ಕೂತಿದ್ದ. ಹೆತ್ತ ಹೊಟ್ಟೆ, ನೋಡ್ಕೊಂಡು ಸುಮ್ನಿರೋಕಾಗುತ್ತಾ?"

"ನನ್ನನ್ನೇನು ಬೀದಿಲಿ ಹೆಕ್ಕಿ ತಂದ್ಯಾ?"

ಅಣ್ಣ ಬಾಯಲ್ಲಿದ್ದುದನ್ನು ಸಾವಕಾಶವಾಗಿ ನುಂಗಿದ. "ಗುಬ್ಬಿ, ಇದಕ್ಕೆ ಅನುಭವ ಅಂತಾರೆ. ಅನುಭವ ಇಲ್ದೆ ಬರಹ ಹುಟ್ಟಲ್ಲ."

"ಅನುಭವ ನಂದು. ಬರಹ ನಿಂದು."

"ಅಯ್ಯೋ, ಅದು ಪಾತ್ರ ಕಣೇ. ನೀನಲ್ಲ."

ಮರುದಿನ ಅವಳು ಕೆಲಸ ಮಾಡುವ ಔಷಧಿ ಅಂಗಡಿಗೆ ಎದುರುಮನೆಯಾಕೆ ಬಂದಳು. ಕೆಮ್ಮಿನ ಸಿರಪ್ ತೆಗೆದುಕೊಂಡು, ಗುಬ್ಬಿಯ ಕೆನ್ನೆಯನ್ನೇ ನೋಡುತ್ತ, "ರೈಟ್ರು ಇಂಥದ್ದನ್ನೆಲ್ಲ ಎಲ್ಲಿಂದ ತರ್ತಾರೋ! ಹೊಡೆಸ್ಕೊಂಡು ಅನ್ನ ತಿನ್ನೋದಾ? ನಾನಾಗಿದ್ರೆ ತಟ್ಟೆ ಎತ್ತಿ ಮುಖಕ್ಕೆ ಬಡೀತಿದ್ದೆ" ಎಂದಳು. ಪಕ್ಕದಲ್ಲಿದ್ದ ಕಾಂಪೌಂಡರ್ ಹಲ್ಲು ಕಿರಿದ. ಗುಬ್ಬಿಗೆ ನಿಂತಲ್ಲೇ ನೆಲ ಬಾಯಿಬಿಡಬಾರದೇ ಅನಿಸಿತು. ಗಂಡ ಹೊಡೆದಾಗ ಒಬ್ಬನ ಮುಂದೆ ಮಾನ ಹೋಗಿತ್ತು. ಅಣ್ಣ ಅದನ್ನು ಮನೆಮನೆಗೂ ಹಂಚಿಬಂದಿದ್ದ. ಇವನಿಗೆ ಬುದ್ಧಿ ಕಲಿಸದೆ ಬಿಡುವುದಿಲ್ಲ ಎಂದು ಅವಳು ಅಲ್ಲೇ, ಸಿರಪ್ಪಿನ ಬಾಟಲಿಗಳ ನಡುವೆ ನಿಂತು ತೀರ್ಮಾನಿಸಿದಳು. ಹೇಗೆ ಎಂಬುದು ಮಾತ್ರ ಇನ್ನೂ ತೋಚಿರಲಿಲ್ಲ.

ದಾರಿ ತಾನಾಗಿಯೇ ತೆರೆಯಿತು. ಅಣ್ಣನ ಬರಹವನ್ನು ಟೈಪ್ ಮಾಡುತ್ತಿದ್ದ ಹುಡುಗಿಗೆ ಮದುವೆ ಗೊತ್ತಾಗಿ ಅವಳು ಕೆಲಸ ಬಿಟ್ಟಳು. ಅಣ್ಣನಿಗೆ ಕೀಬೋರ್ಡ್ ಅಂದರೆ ಅಲರ್ಜಿ. ಬರಹಗಾರನ ಕೈ ಗಾಳಿಯಲ್ಲಿ ಆಡಬೇಕೇ ಹೊರತು ಕೀಲಿಗಳ ಮೇಲಲ್ಲ ಎಂಬುದು ಅವನ ಸಿದ್ಧಾಂತ.

"ನಾನು ಮಾಡ್ಕೊಡ್ತೀನಿ," ಎಂದಳು ಗುಬ್ಬಿ.

ತಾಯಿಗೆ ಆನಂದಬಾಷ್ಪ. "ನೋಡಿದ್ಯಾ? ರಕ್ತ ಸಂಬಂಧ ಅಂದ್ರೆ ಇದು."

ಸಂಜೆ ಅಂಗಡಿಯಿಂದ ಬಂದು ಕಾಫಿ ಕುಡಿದು ಅವಳು ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದಳು. ಅಣ್ಣ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಕಿಟಕಿಯಿಂದ ಬಚ್ಚಲಿನ ಬಾಗಿಲವರೆಗೆ ನಡೆಯುತ್ತ ಹೇಳುತ್ತಿದ್ದ. ಮೊದಲು ಒನ್‌ಲೈನ್: ಒಂದು ಸೀನಿಗೆ ಒಂದು ಸಾಲು, ಯಾರು ಏನು ಮಾಡುತ್ತಾರೆ ಅನ್ನುವುದಷ್ಟೇ. ಅದನ್ನು ಚಾನೆಲ್‌ನವರು ಒಪ್ಪಿದ ಮೇಲೆ ಡೈಲಾಗ್. ಬರೆದಿದ್ದು ಆವತ್ತೇ ನಿರ್ದೇಶಕನ ಮೊಬೈಲಿಗೆ ಹೋಗಬೇಕು, ಬೆಳಗಾದರೆ ಶೂಟಿಂಗ್. ಬರೆಯುವುದು ಮತ್ತು ಬೇಯಿಸುವುದು ಎರಡೂ ಆ ಮನೆಯಲ್ಲಿ ಒಂದೇ ಆತುರದಲ್ಲಿ ನಡೆಯುತ್ತಿದ್ದವು.

"ಸೀನ್ ಅಂದ್ರೆ ಏನು ಹೇಳು," ಅಣ್ಣ ಮೇಷ್ಟ್ರ ಧಾಟಿಯಲ್ಲಿ ಕೇಳುತ್ತಿದ್ದ. ಅವನೇ ಉತ್ತರವನ್ನೂ ಕೊಡುತ್ತಿದ್ದ. "ಒಬ್ಬರಿಗೆ ಏನೋ ಬೇಕು. ಇನ್ನೊಬ್ಬರು ಕೊಡಲ್ಲ. ಅಷ್ಟೆ! ಇಬ್ಬರೂ ಒಪ್ಪಿಬಿಟ್ರೆ ಸೀನ್ ಸತ್ತುಹೋಯ್ತು."

ಗುಬ್ಬಿ ತಲೆಯಾಡಿಸುತ್ತ ಟೈಪ್ ಮಾಡುತ್ತಿದ್ದಳು. ಅಣ್ಣನಿಗೆ ಕಸುಬು ಬರುತ್ತಿತ್ತು, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವನ ಪಾತ್ರಗಳು ಹೊಟ್ಟೆಯಲ್ಲಿದ್ದುದನ್ನೆಲ್ಲ ಒಂದೇ ಉಸಿರಿಗೆ ಕಕ್ಕುತ್ತಿದ್ದವು. ಔಷಧಿ ಅಂಗಡಿಯಲ್ಲಿ ಗುಬ್ಬಿ ನೋಡುತ್ತಿದ್ದ ಜನ ಹಾಗಿರಲಿಲ್ಲ. ಕೇಳಲು ನಾಚಿಕೆಯಾಗುವ ಔಷಧಿ ಬೇಕಾದವರು ಮೊದಲು ಟೂತ್‌ಪೇಸ್ಟ್ ಕೇಳುತ್ತಿದ್ದರು. ಆಮೇಲೆ ಸೋಪು. ಆಮೇಲೆ ಪಕ್ಕದ ಗಿರಾಕಿ ಹೋಗುವವರೆಗೆ ಹವಾಮಾನದ ಸುದ್ದಿ. ಜನ ತಮಗೆ ಬೇಕಾದುದನ್ನು ನೇರವಾಗಿ ಕೇಳುವುದೇ ಇಲ್ಲ ಅನ್ನುವುದು ಅವಳಿಗೆ ಆ ಕೌಂಟರಿನ ಹಿಂದೆ ನಿಂತೇ ಅರ್ಥವಾಯಿತು. ಅಂದಿನಿಂದ ಅವಳು ಗಿರಾಕಿಗಳ ಮಾತಿಗೆ ಕಿವಿ ನೆಟ್ಟು ನಿಲ್ಲತೊಡಗಿದಳು.

ಒಂದು ಸಂಜೆ ಅಣ್ಣ ನಾಯಕಿಯ ತಾಯಿಗೆ ಒಂದು ಪುಟ ಉದ್ದದ ಗೋಳು ಹೇಳಿಸಿದ. ಮಗಳು ತವರಿಗೆ ಬಂದಿದ್ದಾಳೆ, ತಾಯಿ ಎದೆ ಬಡಿದುಕೊಳ್ಳುತ್ತಾಳೆ. ಹೇಳಿ ಮುಗಿಸಿ ಅವನು ಸ್ನಾನಕ್ಕೆ ಹೋದ. ತಾನು ಹೇಳಿದ್ದನ್ನು ಇನ್ನೊಮ್ಮೆ ಓದುವ ಪದ್ಧತಿ ಅವನಿಗಿರಲಿಲ್ಲ. ಅದೇನಿದ್ದರೂ ಕೆಳದರ್ಜೆಯ ಬರಹಗಾರರಿಗೆ. ಗುಬ್ಬಿ ಆ ಗೋಳನ್ನೆಲ್ಲ ಅಳಿಸಿದಳು. ತಾಯಿ ಬೀರುವಿನ ಮುಂದೆ ನಿಂತು, ಮಗಳ ಕಡೆ ತಿರುಗದೆ, "ಹೊದಿಕೆ ಒಂದು ತೆಗೀಲಾ, ಎರಡು ತೆಗೀಲಾ?" ಎಂದು ಕೇಳುತ್ತಾಳೆ. ಮಗಳು "ಚಳಿಗಾಲಕ್ಕೂ ಆಗೋಂಥದ್ದು ತೆಗಿ" ಅನ್ನುತ್ತಾಳೆ. ಇಷ್ಟೇ ಬರೆದು ನಿರ್ದೇಶಕನಿಗೆ ಕಳಿಸಿದಳು.

ಮರುದಿನ ಎಲ್ಲರೂ ಊಟಕ್ಕೆ ಕೂತಿದ್ದಾಗ ನಿರ್ದೇಶಕನ ಫೋನ್ ಬಂತು. ಅಣ್ಣ ಗತ್ತಿನಿಂದ ಸ್ಪೀಕರ್ ಹಾಕಿದ.

"ರೈಟ್ರೇ, ಆ ಹೊದಿಕೆ ಸೀನ್! ಸೆಟ್ಟಲ್ಲಿ ಎಲ್ಲರೂ ಅತ್ತುಬಿಟ್ರು. ಲೈಟ್ ಹುಡುಗರೂ ಅತ್ರು ಕಣ್ರೀ. ಹೇಗೆ ಹೊಳೀತು ನಿಮಗೆ?"

ಅಣ್ಣನ ಕೈ ಅನ್ನದಲ್ಲೇ ನಿಂತಿತು. ಗುಬ್ಬಿಯನ್ನು ನೋಡಿದ. ಗುಬ್ಬಿ ನೀರು ಕುಡಿಯುತ್ತಿದ್ದಳು.

"ಅದು... ಹಾಗೇ ಬಂತು ಸರ್," ಎಂದ ಅಣ್ಣ.

ಫೋನ್ ಇಟ್ಟು ತಟ್ಟೆಯಲ್ಲಿದ್ದುದನ್ನೆಲ್ಲ ಉಂಡು ಮುಗಿಸಿದ. ಕೈ ತೊಳೆದು ಬಂದು, "ಗುಬ್ಬಿ, ಟೈಪ್ ಮಾಡುವಾಗ ನಿನಗೇನಾದ್ರೂ ಹೊಳೆದ್ರೆ ಹಾಕು. ಪರವಾಗಿಲ್ಲ," ಎಂದ.

"ಆಗ್ಲಣ್ಣ," ಎಂದಳು ಗುಬ್ಬಿ. ಒಳಗೊಳಗೇ ಕುಣಿದಳು. ಹೊಗಳಿಕೆಯನ್ನು ಇವನು ಯಾವತ್ತೂ ಬೇಡ ಅನ್ನಲಾರ. ಒಮ್ಮೆ ತನ್ನದು ಅಂದದ್ದನ್ನು ಆಮೇಲೆ ತನ್ನದಲ್ಲ ಅನ್ನುವಂತೆಯೂ ಇಲ್ಲ. ಇವನ ಜುಟ್ಟು ಎಲ್ಲಿದೆ ಅನ್ನುವುದು ಅವಳಿಗೆ ಸಿಕ್ಕಿಬಿಟ್ಟಿತ್ತು.

ಮೂರು ವಾರ ಕಳೆಯುವುದರೊಳಗೆ ಅಣ್ಣ ಒನ್‌ಲೈನ್ ಮಾತ್ರ ಹೇಳಿ ಸೋಫಾದಲ್ಲಿ ಒರಗತೊಡಗಿದ. ಡೈಲಾಗೆಲ್ಲ ಗುಬ್ಬಿಯದು. ಉದ್ದದ ಮಾತನ್ನು ಕತ್ತರಿಸುವುದು ಕಲಿತಳು. ಪ್ರಶ್ನೆಗೆ ಉತ್ತರ ಬರುವ ಮುಂಚೆಯೇ ಸೀನ್ ಮುಗಿಸುವುದು ಕಲಿತಳು. ಮಾತಾಡುವವರ ಕೈಗೆ ಒಂದು ಕೆಲಸ ಕೊಟ್ಟರೆ ಮಾತು ತಾನಾಗಿ ಚಿಕ್ಕದಾಗುತ್ತದೆ ಅನ್ನುವುದು ಅಣ್ಣನಿಗೂ ಗೊತ್ತಿರದ ವಿಷಯ. ಅದನ್ನು ಅಡುಗೆಮನೆಯಲ್ಲಿ ಅತ್ತಿಗೆಯನ್ನು ನೋಡಿ ಕಲಿತಳು. ಜನ ಹೆಚ್ಚು ನೋಡುತ್ತಿದ್ದಾರೆಂದು ಚಾನೆಲ್‌ನಿಂದ ಸುದ್ದಿ ಬಂತು. ಅಣ್ಣ ಹೊಸ ಕನ್ನಡಕ ಹಾಕಿಕೊಂಡ.

ಆಗ ಆ ಒನ್‌ಲೈನ್ ಬಂತು.

"ಬರ್ಕೋ. ನಾಯಕಿ ಗಂಡನ ಮನೆಗೆ ವಾಪಸ್ ಹೋಗ್ತಾಳೆ. ಹೊಸ್ತಿಲಲ್ಲಿ ಕೂತು ಕ್ಷಮೆ ಕೇಳ್ತಾಳೆ."

ಗುಬ್ಬಿಯ ಬೆರಳು ನಿಂತವು. "ಹೊಡೆದವನು ಅವನು. ಕ್ಷಮೆ ಇವಳು ಕೇಳೋದಾ?"

"ಚಾನೆಲ್ ಮೇಡಂ ಹೇಳಿದ್ದು. ಈ ತಿಂಗಳ ಕೊನೆಗೆ ಬೇಕಂತೆ. ಮನೆ ಒಂದಾಗೋದು ನೋಡೋಕೆ ಜನಕ್ಕೆ ಇಷ್ಟ."

"ನಾನು ಬರೆಯಲ್ಲ."

"ಬರೆಯೋನು ನಾನು. ನೀನು ಟೈಪ್ ಮಾಡೋಳು."

ಬಾಗಿಲಲ್ಲಿ ಬಟ್ಟೆ ಮಡಿಸುತ್ತಿದ್ದ ತಾಯಿ ಬಾಯಿ ಹಾಕಿದಳು. "ಅದ್ರಲ್ಲಿ ತಪ್ಪೇನಿದೆ? ಅಳಿಯಂದಿರೂ ಅವರ ಬ್ಯಾಟರಿ ಅಂಗಡಿಯಿಂದ ಫೋನ್ ಮಾಡಿದ್ರು. 'ಅತ್ತೆ, ಸೀರಿಯಲ್‌ನಲ್ಲಿ ಅವಳು ಯಾವತ್ತು ವಾಪಸ್ ಹೋಗ್ತಾಳೆ?' ಅಂತ ಕೇಳಿದ್ರು. ಪಾಪ, ದಿನಾ ನೋಡ್ತಾರಂತೆ. ಅವಳು ಹೋಗೋ ವಾರವೇ ನೀನೂ ಹೊರಡು. ನಾನು ಮಾತು ಕೊಟ್ಟಿದೀನಿ."

"ನನ್ನ ಕೇಳದೆ ಮಾತು ಕೊಟ್ಯಾ?"

"ನಿನ್ನ ಕೇಳ್ತಾ ಕೂತ್ರೆ ಈ ಜನ್ಮದಲ್ಲಿ ಆಗೋ ಕೆಲಸವಾ ಅದು? ಕಥೆ ಬರೆಯೋ ಅಣ್ಣನಿಗಿಂತ ನಿನಗೆ ಜಾಸ್ತಿ ಗೊತ್ತಾ?"

"ಅಣ್ಣ, ನೀನಾದ್ರೂ ಹೇಳು," ಎಂದಳು ಗುಬ್ಬಿ.

ಅಣ್ಣ ಕನ್ನಡಕ ಒರೆಸಿದ. "ಹೋದ್ರೆ ಒಳ್ಳೇದೇ ಗುಬ್ಬಿ. ಅಲ್ಲಿ ಮುಂದೇನಾಗುತ್ತೆ ಅಂತ ನನಗೂ ತಿಳಿಯುತ್ತೆ."

ತಮಾಷೆಗೆ ಅಂದನೋ, ನಿಜಕ್ಕೂ ಅಂದನೋ. ಗುಬ್ಬಿಯಂತೂ ಆ ಮಾತನ್ನು ಗಂಟು ಕಟ್ಟಿಟ್ಟುಕೊಂಡಳು. ತಾನು ಹೋಗಿ ಹೊಡೆಸಿಕೊಂಡರೆ ಇವನಿಗೆ ಸೀನ್ ಸಿಗುತ್ತದೆ! ಇನ್ನು ಕರುಣೆಯ ಮಾತೇ ಇಲ್ಲ ಅಂದುಕೊಂಡಳು.

ಭಾನುವಾರ ಅತ್ತಿಗೆ ಬಟಾಣಿ ಬಿಡಿಸುತ್ತಿದ್ದಳು. ಅತ್ತಿಗೆ ನಗುಮುಖದವಳು, ಆ ಮನೆಯಲ್ಲಿ ಗುಬ್ಬಿಯ ಪರ ಯಾರಾದರೂ ಇದ್ದರೆ ಅವಳೊಬ್ಬಳೇ. ಗುಬ್ಬಿ ಎದುರಿಗೆ ಕೂತು ಒಂದು ಹಿಡಿ ಎಳೆದುಕೊಂಡಳು.

"ಅತ್ತಿಗೆ, ಅಣ್ಣ ಯಾಕೆ ಆ ಚಾನೆಲ್ ಮೇಡಂಗೆ ಅಷ್ಟು ಹೆದರ್ತಾನೆ?"

"ಅಯ್ಯೋ, ನಿನಗೇನು ಗೊತ್ತು! ಆಕೆ ಫೋನ್ ಮಾಡಿದ್ರೆ ಎದ್ದು ನಿಂತು ಮಾತಾಡ್ತಾರೆ. ಮಲಗಿದ್ರೂ ಎದ್ದು ನಿಲ್ತಾರೆ." ಅತ್ತಿಗೆ ಬಾಯಿಗೆ ಸೆರಗು ಒತ್ತಿ ನಕ್ಕಳು. "ಬೈಸ್ಕೊಂಡ ದಿನ ನನಗೆ ನಿದ್ದೆ ಇಲ್ಲ. 'ಹೇಳು, ನಾನು ಎಂಥ ಬರಹಗಾರ ಹೇಳು' ಅಂತ ಶುರು ಮಾಡ್ತಾರೆ. ನಾನು 'ನಿಮ್ಮಂಥೋರು ಇಲ್ಲಾರೀ' ಅನ್ಬೇಕು. 'ಮನಸ್ಸಿಟ್ಟು ಹೇಳು' ಅಂತಾರೆ. ಮತ್ತೆ ಹೇಳ್ಬೇಕು. ಕಣ್ಣು ಹತ್ತೋವರೆಗೂ ತಲೆ ಸವರ್ತಾ ಹೇಳ್ತಾನೇ ಇರ್ಬೇಕು. ಮಗು ಮಲಗಿಸಿದ ಹಾಗೆ!"

ಗುಬ್ಬಿಯೂ ನಕ್ಕಳು. ನಗುತ್ತ ನಗುತ್ತಲೇ ಅದನ್ನು ಸೀನುಗಳಾಗಿ ಒಡೆದುಕೊಂಡಳು.

ಧಾರಾವಾಹಿಯಲ್ಲಿ ನಾಯಕಿಗೊಬ್ಬ ಅಣ್ಣನಿದ್ದ. ನೂರಾರು ಸಂಚಿಕೆಗಳಿಂದ ಸೋಫಾದ ಮೇಲೆ ಪೇಪರ್ ಹಿಡಿದು ಕೂರುವುದಷ್ಟೇ ಅವನ ಕೆಲಸ. ಚಾನೆಲ್‌ಗೆ ಒನ್‌ಲೈನ್ ಟೈಪ್ ಮಾಡಿ ಕಳಿಸುವವಳೂ ತಾನೇ ಆದ್ದರಿಂದ ಗುಬ್ಬಿ ಅವನನ್ನು ಎಬ್ಬಿಸಿದಳು. ಗಂಡನ ಮನೆಗೆ ಹೋಗು ಎಂದು ತಂಗಿಗೆ ಗದರುವ ಅಣ್ಣ. ಹೊರಗಿನವರ ಫೋನ್ ಬಂದರೆ ಎದ್ದು ನಿಲ್ಲುವ ಅಣ್ಣ. ಕೋಣೆಯ ಬಾಗಿಲು ಹಾಕಿಕೊಂಡು ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು, "ಹೇಳು, ನಾನು ಎಂಥ ಗಂಡಸು ಹೇಳು. ಮನಸ್ಸಿಟ್ಟು ಹೇಳು" ಅನ್ನುವ ಅಣ್ಣ. ಒಂದು ಮಾತನ್ನೂ ಹಿಗ್ಗಿಸಲಿಲ್ಲ. ಹಿಗ್ಗಿಸಿದರೆ ಜನ ನಗುತ್ತಾರೆ, ಇದ್ದದ್ದು ಇದ್ದ ಹಾಗೆ ಬರೆದರೆ ಗುರುತು ಹಿಡಿಯುತ್ತಾರೆ. ಬರೆದು ಮುಗಿಸಿ ನಿರ್ದೇಶಕನಿಗೆ ಕಳಿಸಿದಾಗ ಅಣ್ಣ ಪಕ್ಕದಲ್ಲೇ ಉಗುರು ಕತ್ತರಿಸಿಕೊಳ್ಳುತ್ತಿದ್ದ.

"ಹೋಯ್ತಾ?"

"ಹೋಯ್ತಣ್ಣ."

ಶೂಟಿಂಗ್ ಆಗಿ ಒಂದು ವಾರಕ್ಕೆ ಪ್ರಸಾರ. ಆ ವಾರವೆಲ್ಲ ಗುಬ್ಬಿ ಮನೆಯಲ್ಲಿ ಬೆಣ್ಣೆಯ ಹಾಗಿದ್ದಳು. ಅಣ್ಣನ ತಟ್ಟೆಗೆ ತಾನೇ ಬಡಿಸಿದಳು, ಇನ್ನೊಂಚೂರು ಹಾಕಿಸ್ಕೋ ಅಂದಳು. ಅಮ್ಮನ ಕಾಲು ಒತ್ತಿದಳು. "ಬುದ್ಧಿ ಬಂತು ನೋಡಿ ಇವಳಿಗೆ," ಎಂದು ತಾಯಿ ತಂದೆಯ ಕಿವಿಯಲ್ಲಿ ಕೂಗಿದಳು. ಬಡಿಸುವಾಗ ಗುಬ್ಬಿಗೆ ಅಣ್ಣನ ನೆತ್ತಿ ಕಾಣುತ್ತಿತ್ತು, ಅಲ್ಲಿ ಕೂದಲು ತೆಳುವಾಗುತ್ತಿತ್ತು. ಅದನ್ನು ಸೀನಿಗೆ ಸೇರಿಸಬೇಕಿತ್ತು ಅನಿಸಿ ಕೈಕೈ ಹಿಸುಕಿಕೊಂಡಳು.

ಏಳೂವರೆ ಆಯಿತು. ಪೇಪರ್ ಹಿಡಿದು ಹಿಡಿದು ಬೇಸತ್ತಿದ್ದ ಆ ನಟ ಸಿಕ್ಕಿದ್ದೇ ಸಾಕೆಂದು ಜೀವ ಸುರಿದು ನಟಿಸಿದ್ದ. ತಲೆಯನ್ನು ಹೆಂಡತಿಯ ತೊಡೆಗೆ ಉಜ್ಜುತ್ತ "ಮನಸ್ಸಿಟ್ಟು ಹೇಳು" ಅಂದಾಗ ಅವನ ಮೂಗಿನ ತುದಿ ಸಹ ನಡುಗಿತು.

ತಂದೆ ಕತ್ತು ಮುಂದೆ ಚಾಚಿ ನೋಡಿ, "ಯಾರಿವನು? ನಮ್ಮವನ ಹಾಗೇ ಇದಾನಲ್ಲ!" ಎಂದರು. ಪಕ್ಕದ ಮನೆಯಿಂದ ಒಂದು ನಗು ಕೇಳಿಸಿತು.

ಅಣ್ಣ ಹೆಂಡತಿಯ ಕಡೆ ತಿರುಗಿದ. ಅತ್ತಿಗೆ ಗುಬ್ಬಿಯ ಕಡೆ ತಿರುಗಿದಳು.

"ಗುಬ್ಬಿ! ಏನಿದು?" ಅಣ್ಣ ಎದ್ದು ನಿಂತ. ಅವನ ಮುಖ ಕೆಂಪಗಾಗಿತ್ತು.

"ಅನುಭವ," ಎಂದಳು ಗುಬ್ಬಿ.

"ನಾಳೆನೇ ನಿಲ್ಲಿಸ್ತೀನಿ ಇದನ್ನ! ನಿರ್ದೇಶಕರಿಗೆ ಹೇಳ್ತೀನಿ!"

"ಏನಂತ ಹೇಳ್ತೀಯ? ನಾನು ಬರೆದಿದ್ದಲ್ಲ ಅಂತಾನಾ?"

ಅಷ್ಟರಲ್ಲಿ ನಿರ್ದೇಶಕನ ಫೋನೇ ಬಂತು. ಅಣ್ಣ ಈ ಸಲ ಸ್ಪೀಕರ್ ಹಾಕಲಿಲ್ಲ. ಆದರೆ ಆ ದನಿ ಸ್ಪೀಕರ್ ಇಲ್ಲದೆಯೂ ಕೇಳುವಷ್ಟು ಜೋರಾಗಿತ್ತು. "ಏನ್ ಪಾತ್ರ ರೈಟ್ರೇ! ಎಲ್ಲಿಂದ ಹಿಡ್ಕೊಂಡು ಬಂದ್ರಿ ಇವನನ್ನ?"

"ಹೌದು ಸರ್... ಥ್ಯಾಂಕ್ಯೂ ಸರ್," ಎಂದ ಅಣ್ಣ, ನಿಂತೇ.

ಬೆಳಗ್ಗೆ ಅಡುಗೆಮನೆಯಲ್ಲಿ ಅತ್ತಿಗೆ ಒಲೆಯ ಕಡೆಯೇ ಮುಖ ಮಾಡಿ ಹೇಳಿದಳು. "ನಗ್ತಾ ಹೇಳಿದ್ದೆ ಗುಬ್ಬಿ. ನಿನ್ನ ಮೇಲಿನ ನಂಬಿಕೆಲಿ ಹೇಳಿದ್ದೆ."

"ನಿಮ್ಮ ಮೇಲೆ ನನಗೇನೂ ಇಲ್ಲ ಅತ್ತಿಗೆ. ಅವನ ಮೇಲೆ."

"ತಲೆ ಸವರಿದ ಕೈ ನಂದಲ್ವಾ? ಬೀದಿಯವರು ಇವತ್ತು ನನ್ನ ಕೈನೂ ನೋಡ್ತಾರೆ." ಅವಳು ಉರಿ ತಗ್ಗಿಸಿದಳು. "ನಿಮ್ಮಮ್ಮ ನಿನಗೆ ಮಾಡಿದ್ದನ್ನೇ ನೀನು ನನಗೆ ಮಾಡಿದೆ. ಇನ್ಮೇಲೆ ಇಲ್ಲಿ ಒಬ್ಬೊಬ್ಬರೇ ಕೆಲಸ ಮಾಡೋಣ."

ಗುಬ್ಬಿಗೆ ಚುರುಕ್ ಎಂದಿತು. ಕ್ಷಮಿಸಿ ಅನ್ನಬೇಕೆಂದು ಬಾಯಿಗೆ ಬಂತು, ಅನ್ನಲಿಲ್ಲ. ಅತ್ತಿಗೆಗೆ ನೋವಾದದ್ದು ಅವಳಿಗೆ ನಿಜಕ್ಕೂ ಬೇಸರ ತಂದಿತ್ತು. ಆದರೆ ರಾತ್ರಿಯ ಅಣ್ಣನ ಮುಖ ನೆನಪಾದರೆ ಸಾಕು, ಆ ಬೇಸರದ ಮೇಲೂ ಒಂದು ಸಿಹಿ ಹರಡುತ್ತಿತ್ತು. ಆಮೇಲೆ ಅವರಿಬ್ಬರು ಆ ಅಡುಗೆಮನೆಯಲ್ಲಿ ಉಪ್ಪು, ಎಣ್ಣೆ ಎಂದಷ್ಟೇ ಮಾತಾಡಿದರು.

ಚಾನೆಲ್ ಮೇಡಂ ಕಥೆ ಕೇಳಲು ಕರೆಸಿಕೊಂಡಳು. ಮುಂದಿನ ತಿಂಗಳುಗಳ ಕಥೆಯನ್ನು, ಅಲ್ಲಿಯವರ ಬಾಯಲ್ಲಿ 'ಟ್ರ್ಯಾಕ್' ಅನ್ನಿಸಿಕೊಳ್ಳುವುದನ್ನು, ಬರಹಗಾರ ಎದುರಿಗೆ ಕೂತು ಬಾಯಲ್ಲೇ ಹೇಳಬೇಕು, ಅದು ಅಲ್ಲಿಯ ಕ್ರಮ. ಅಣ್ಣ ಬೇರೆ ದಾರಿಯಿಲ್ಲದೆ ಗುಬ್ಬಿಯನ್ನು ಕರೆದುಕೊಂಡು ಹೋದ. ಗಾಜಿನ ಕೋಣೆ, ತಣ್ಣನೆಯ ಗಾಳಿ, ಮೇಜಿನ ಮೇಲೆ ಯಾರೂ ಮುಟ್ಟದ ಬಿಸ್ಕತ್ತು.

"ಅಣ್ಣನ ಟ್ರ್ಯಾಕ್ ಸಿಕ್ಕಾಪಟ್ಟೆ ಓಡ್ತಿದೆ ರೈಟ್ರೇ," ಎಂದಳು ಮೇಡಂ. "ಮುಂದೇನು, ಹೇಳಿ."

ಅಣ್ಣ ಟವೆಲ್ಲಿಗಾಗಿ ಹೆಗಲು ತಡವಿದ. ಟವೆಲ್ ಇರಲಿಲ್ಲ. "ಮುಂದೆ... ಮುಂದೆ ಅಂದ್ರೆ ಮೇಡಂ..."

"ನಾನು ಹೇಳ್ಲಾ?" ಎಂದಳು ಗುಬ್ಬಿ. "ಬರೆಯೋಳು ನಾನೇ."

ಮೇಡಂ ಒಮ್ಮೆ ಅವನನ್ನು ನೋಡಿದಳು, ಒಮ್ಮೆ ಇವಳನ್ನು. ಅಣ್ಣ ಅಲ್ಲ ಅನ್ನಲಿಲ್ಲ. ಅಂದಿದ್ದರೆ ಕಥೆಯನ್ನು ಅವನೇ ಹೇಳಬೇಕಾಗುತ್ತಿತ್ತು.

ಗುಬ್ಬಿ ಹೇಳಿದಳು. ಕೆಲಸ ಕಳೆದುಕೊಳ್ಳುವ ಅಣ್ಣ, ಮನೆಯಲ್ಲಿ ಅದನ್ನು ಮುಚ್ಚಿಡುವ ಅಣ್ಣ, ಹೆಂಡತಿ ಹೊಗಳುವುದನ್ನು ನಿಲ್ಲಿಸಿದ ಮೇಲೆ ನಿದ್ದೆಗೆಟ್ಟು ಮನೆಯೆಲ್ಲ ತಿರುಗುವ ಅಣ್ಣ. ಒಂದೊಂದನ್ನೂ ಅವಳು ತಣ್ಣಗೆ, ಔಷಧಿ ಚೀಟಿ ಓದಿದಂತೆ ಹೇಳಿದಳು. ಪಕ್ಕದಲ್ಲಿದ್ದವನು ತನ್ನ ಅಂಗೈ ನೋಡಿಕೊಳ್ಳುತ್ತ ಕೂತಿದ್ದ.

"ಚೆನ್ನಾಗಿದೆ," ಎಂದಳು ಮೇಡಂ. "ಆದ್ರೆ ನಾಯಕಿ ಗಂಡನ ಮನೆಗೆ ಹೋಗ್ಬೇಕು ಅಂದಿದ್ದೆ?"

"ಹೋದ್ರೆ ಈ ಟ್ರ್ಯಾಕ್ ಎಲ್ಲಿ ಉಳಿಯುತ್ತೆ ಮೇಡಂ? ಅಣ್ಣ ಇರೋದು ತವರುಮನೆಲಿ. ತಂಗಿ ಕಣ್ಣೆದುರಿಗಿದ್ರೇನೇ ಅವನಿಗೆ ಉರಿ."

ಮೇಡಂ ಪೆನ್ನು ಮೇಜಿಗೆ ಕುಟ್ಟುತ್ತ ಯೋಚಿಸಿದಳು. "ಸರಿ, ಹೋಗೋದು ಬೇಡ. ಇದನ್ನ ಬೇಸಿಗೆವರೆಗೂ ಎಳೀಬಹುದಾ?"

"ಎಳೀಬಹುದು," ಎಂದಳು ಗುಬ್ಬಿ. ತೆರೆಯ ಮೇಲೆ ಸಂಭಾಷಣೆಗೆ ತನ್ನ ಹೆಸರೇ ಬರಬೇಕು ಎಂದೂ ಸೇರಿಸಿದಳು. ಅದಕ್ಕೂ ಒಪ್ಪಿಗೆ ಸಿಕ್ಕಿತು.

ಮನೆಯಲ್ಲಿ ಸುದ್ದಿ ತಿಳಿದಾಗ ತಾಯಿ ಮೊದಲು ಮಾಡಿದ್ದು ಅಳಿಯನಿಗೆ ಫೋನ್. "ಇಲ್ಲಪ್ಪ, ಸದ್ಯಕ್ಕೆ ಕಳಿಸೋ ಹಾಗಿಲ್ಲ. ಸೀರಿಯಲ್‌ನಲ್ಲೇ ಅವಳು ಹೋಗ್ತಾ ಇಲ್ವಂತೆ," ಎಂದಳು. ಅದಕ್ಕೆ ಆತ ಏನಂದನೋ, ಮತ್ತೆ ಫೋನ್ ಮಾಡಲಿಲ್ಲ. ಗುಬ್ಬಿ ಅವತ್ತು ಹೊಟ್ಟೆ ತುಂಬ ಉಂಡು, ಮಧ್ಯಾಹ್ನವೆಲ್ಲ ನಿದ್ದೆ ಮಾಡಿದಳು.

ಬೇಸಿಗೆ ಇನ್ನೂ ದೂರವಿತ್ತು. ಅಣ್ಣ ಸೊರಗುತ್ತ ಬಂದ. ಅಂಗಡಿಗೆ ಹೋದರೆ ಬೀದಿಯವರು 'ರೈಟ್ರೇ' ಅನ್ನುತ್ತಿರಲಿಲ್ಲ. "ಮನಸ್ಸಿಟ್ಟು ಹೇಳು" ಅಂದು ಬೆನ್ನ ಹಿಂದೆ ಕಿಸಕ್ಕನೆ ನಗುತ್ತಿದ್ದರು. ಏಳೂವರೆಗೆ ಅವನು ಟೀವಿ ಕೋಣೆಗೇ ಬರುತ್ತಿರಲಿಲ್ಲ. ಆದರೂ ತಂದೆಯ ಕಿವಿಯ ದೆಸೆಯಿಂದ ಅವನ ಕೋಣೆಯೊಳಗೂ ಎಲ್ಲ ಕೇಳಿಸುತ್ತಿತ್ತು. ಅತ್ತಿಗೆ ಮಗ್ಗುಲು ತಿರುಗಿ ಮಲಗುತ್ತಿದ್ದಳು. ಇದನ್ನು ಗುಬ್ಬಿಗೆ ಯಾರೂ ಹೇಳಿರಲಿಲ್ಲ, ಅವಳೇ ಊಹಿಸಿ ಬರೆದಿದ್ದಳು. ಅದು ನಿಜವಾಗಿತ್ತು ಎಂಬುದು ಮರುದಿನ ಅತ್ತಿಗೆಯ ಮುಖ ನೋಡಿದಾಗ ತಿಳಿಯಿತು.

ಒಂದು ಸಂಜೆ ಅವಳು ಟೈಪ್ ಮಾಡುತ್ತಿದ್ದಾಗ ಅಣ್ಣ ಬಂದು ಎದುರಿನ ಸ್ಟೂಲಿನ ಮೇಲೆ ಕೂತ. ಗಡ್ಡ ಬಂದಿತ್ತು. ಬಹಳ ಹೊತ್ತು ಅವಳ ಬೆರಳುಗಳು ಓಡುವುದನ್ನು ನೋಡಿದ.

"ಗುಬ್ಬಿ."

"ಹೇಳಣ್ಣ."

"ತಪ್ಪಾಯ್ತು ಕಣೇ. ನೀನು ಅಮ್ಮನ ಹತ್ರ ಹೇಳ್ಕೊಂಡಿದ್ದನ್ನ ನಾನು ಬರೀಬಾರದಿತ್ತು. ನಿನ್ನ ಹೊಟ್ಟೆಗೆ ಎಷ್ಟು ಉರಿ ಬಿದ್ದಿರುತ್ತೆ ಅಂತ ಈಗ ಗೊತ್ತಾಗ್ತಿದೆ. ನಿಜವಾಗ್ಲೂ. ನನ್ನನ್ನ ಕ್ಷಮಿಸಿಬಿಡು."

ಅವನ ಕಣ್ಣು ತುಂಬಿದ್ದವು. ನಟನೆಯಲ್ಲ. ಅಷ್ಟು ತಿಂಗಳಿಂದ ಗುಬ್ಬಿ ಕಾಯುತ್ತಿದ್ದುದು ಇದೇ ಮಾತಿಗೆ, ಇದೇ ಕಣ್ಣೀರಿಗೆ. ಒಂದು ಗಳಿಗೆ ಅವಳ ಕೈ ಅವನ ಕಡೆಗೆ ಎದ್ದಿತು. ಆಮೇಲೆ ಅವಳು ಪರದೆಯ ಮೇಲಿದ್ದ ಅರ್ಧ ಸೀನನ್ನು ನೋಡಿದಳು.

"ಈಗ ಬೇಡ ಅಣ್ಣ," ಎಂದಳು, ಮೆತ್ತಗೆ. "ಈಗಲೇ ಕ್ಷಮಿಸಿಬಿಟ್ರೆ ಟ್ರ್ಯಾಕ್ ಮುಗಿದುಹೋಗುತ್ತೆ. ಬೇಸಿಗೆವರೆಗೂ ಎಳೀಬೇಕಲ್ಲ."

ಅಣ್ಣ ಸುಮ್ಮನೆ ತಲೆಯಾಡಿಸಿದ. ಎಷ್ಟೆಂದರೂ ಅವನೂ ಬರಹಗಾರ, ಅವನಿಗೆ ಅರ್ಥವಾಯಿತು.